ಆಟದೊಳಗಿನ ಅಪರಿಚಿತರು: ಹೆತ್ತವರಿಗೆ ಮೊದಲ ಪಾಠ

ಮಕ್ಕಳು ಮೊಬೈಲ್‌ನಲ್ಲಿ ಆಡುವ ಅನೇಕ ಆಟಗಳಲ್ಲಿ ಎಲ್ಲೆಲ್ಲಿಯವರೋ ಒಂದೇ ತಂಡದಲ್ಲಿ ಸೇರುತ್ತಾರೆ. ಆಡುತ್ತಲೇ ಪರಸ್ಪರ ಸಂದೇಶ ಬರೆಯುತ್ತಾರೆ, ಮಾತಾಡುತ್ತಾರೆ. ಇದೇ ಚಾಟ್. ಮಗುವನ್ನು ಕಾಯಲು ನೀವು ತಂತ್ರಜ್ಞಾನ ಪರಿಣತರಾಗಬೇಕಿಲ್ಲ. ಚಾಟ್‌ನಲ್ಲಿ ಅಪಾಯ ಹೇಗೆ ಬೆಳೆಯುತ್ತದೆ ಎಂಬುದನ್ನು ಅರಿತರೆ ಸಾಕು, ಅಲ್ಲಿಂದ ಆರಂಭಿಸಬಹುದು.

ಲೈಂಗಿಕವಾಗಿ ಬಳಸಿಕೊಳ್ಳುವ ಉದ್ದೇಶದಿಂದ ಮಗುವಿನ ವಿಶ್ವಾಸವನ್ನು ಹಂತಹಂತವಾಗಿ ಗಳಿಸುವುದನ್ನು ‘ಗ್ರೂಮಿಂಗ್’ ಎನ್ನುತ್ತಾರೆ. ಅಂಥ ವ್ಯಕ್ತಿ ಬೆದರಿಸುತ್ತಾ ಬರುವುದಿಲ್ಲ. ತಾನೂ ಅದೇ ವಯಸ್ಸಿನವನೆನ್ನುತ್ತಾನೆ, ಆಟವನ್ನು ಹೊಗಳುತ್ತಾನೆ, ಆಟಕ್ಕೆ ಬೇಕಾದ ಕಾಯಿನ್‌ಗಳನ್ನು ಕೊಡಿಸುತ್ತಾನೆ. ಆಮೇಲೆ ‘ವಾಟ್ಸ್‌ಆ್ಯಪ್‌ಗೆ ಬಾ’ ಎನ್ನುತ್ತಾನೆ. ‘ಮನೆಯಲ್ಲಿ ಹೇಳಬೇಡ’ ಎಂದು ಸೇರಿಸುತ್ತಾನೆ. ಮುಂದೆ ಫೋಟೊ ಕೇಳುತ್ತಾನೆ. ಒಂದು ಸಿಕ್ಕಿತೆಂದರೆ, ಅದನ್ನೇ ಹಿಡಿದು ಹೆದರಿಸಿ ಇನ್ನಷ್ಟು ಕೇಳುತ್ತಾನೆ.

ಇವುಗಳಲ್ಲಿ ಎರಡು ಗುರುತುಗಳನ್ನು ಮಗುವಿಗೂ ಕಲಿಸಿ: ಮಾತನ್ನು ಬೇರೆ ಆ್ಯಪ್‌ಗೆ ಎಳೆಯುವುದು, ಗುಟ್ಟು ಕಾಯಲು ಹೇಳುವುದು. ಇವೆರಡರಲ್ಲಿ ಯಾವುದು ಕಂಡರೂ ಮನೆಯಲ್ಲಿ ಹೇಳಬೇಕು.

ಆದರೆ ಮಗು ಹೇಳೀತೇ? ಬೈಗುಳ ಬೀಳುತ್ತದೆ, ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಭಯವೇ ಎಷ್ಟೋ ಮಕ್ಕಳ ಬಾಯಿ ಕಟ್ಟುತ್ತದೆ. ಆದ್ದರಿಂದ ‘ಏನೇ ಆಗಿದ್ದರೂ ಹೇಳು, ತಪ್ಪು ನಿನ್ನದಲ್ಲ’ ಎಂದು ಮುಂಚಿತವಾಗಿಯೇ ಮಾತು ಕೊಡಿ. ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಅಪರಿಚಿತರ ಸಂದೇಶ ತಡೆಯುವ ಸೆಟ್ಟಿಂಗ್ಸ್, ಆ್ಯಪ್‌ಗಳ ಮೇಲೆ ಹೆತ್ತವರು ನಿಗಾ ಇಡಲು ನೆರವಾಗುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಮುಂತಾದವು ಉಪಯುಕ್ತವೇ. ಆದರೆ ಅವು ಈ ಭರವಸೆಯ ಜಾಗ ತುಂಬಲಾರವು.

ಅಹಿತಕರವಾದದ್ದು ನಡೆದೇ ಹೋದರೆ ಚಾಟ್ ಅಳಿಸಬೇಡಿ. ಖಾತೆಯ ಹೆಸರು ಬರೆದುಕೊಂಡು, ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದು, ಬಳಿಕ ಬ್ಲಾಕ್ ಮಾಡಿ. ಮಗುವಿನ ಅಶ್ಲೀಲ ಚಿತ್ರವಿದ್ದರೆ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಅದನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ.

ಪೊಲೀಸರೆಂದರೆ ಅಂಜಿಕೆಯೇ? 18 ವರ್ಷದೊಳಗಿನವರನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು 2012ರಲ್ಲಿ ಬಂದ ಪೋಕ್ಸೊ ಕಾಯ್ದೆ ಆ ಅಂಜಿಕೆಯನ್ನೂ ಗಮನಿಸಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ ಪಡೆಯಬಹುದು. ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಇಂದಿನ ಅಭ್ಯಾಸ ಇಷ್ಟೇ: ‘ನಿನ್ನ ಆಟ ನನಗೂ ಕಲಿಸು’ ಎಂದು ಮಗುವಿನ ಪಕ್ಕ ಕುಳಿತುಕೊಳ್ಳಿ. ಆಡುತ್ತಾ, ತಂಡದಲ್ಲಿರುವವರು ಯಾರ್‍ಯಾರೆಂದು ಕೇಳಿ.