ಶ್ವಾಸ, ಸ್ಥಾಯಿ ಮತ್ತು ಮಾತಿನ ಕೊನೆಯ ಪದ

ಸ್ನೇಹ ಸಮ್ಮೇಲನದ ವೇದಿಕೆಯಲ್ಲಿ ಭಾಷಣಕ್ಕೆ ನಿಂತ ಬಾಲಕನಿಗೆ ಹಿಂದಿನ ಸಾಲಿನಿಂದ 'ಗಟ್ಟಿಯಾಗಿ ಹೇಳು' ಎಂಬ ಕೂಗು ಬರುವುದುಂಟು. ಆತನು ಕೂಡಲೆ ಕಿರುಚುವನು. ದನಿ ಗಟ್ಟಿಯಾಗುವುದರೊಡನೆ ಕೀರಲಾಗಿ ಮೇಲಕ್ಕೇರುವುದು; ತುಸು ಹೊತ್ತಿನಲ್ಲಿ ಗಂಟಲು ಕಟ್ಟುವುದು. ಹೀಗೇಕೆ?

13ನೆಯ ಶತಮಾನದ ವೈಯಾಕರಣ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ನುಡಿಯ ಹುಟ್ಟನ್ನು ಕಹಳೆಗೆ ಹೋಲಿಸಿದ್ದಾನೆ. ಈ ಹೋಲಿಕೆ ಇಂದಿಗೂ ಸಲ್ಲುವಂಥದು. ಕಹಳೆ ಊದುವವನ ತುಟಿಗಳು ಅದುರುವಂತೆ, ಶ್ವಾಸಕೋಶದಿಂದ ಬಂದ ಗಾಳಿಯ ಒತ್ತಡದಿಂದ ಗಂಟಲಿನೊಳಗಿನ ಎರಡು ಸ್ವರತಂತುಗಳು ಅದುರುವುವು. ಮಾತನಾಡುವಾಗ ಇವು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ, ಚಿಕ್ಕ ಮಕ್ಕಳಲ್ಲಿ ಇನ್ನೂ ಹೆಚ್ಚು ಸಲ ಕಂಪಿಸುವುವು. ಈ ಕಂಪನವು ಶೀಘ್ರವಾದಷ್ಟೂ ದನಿಯ ಸ್ಥಾಯಿ ಎತ್ತರವಾಗುವುದು.

ಒತ್ತಡವೆಷ್ಟೆಂಬುದನ್ನು ಮನೆಯಲ್ಲಿಯೇ ತಿಳಿಯಬಹುದು. ನೀರು ತುಂಬಿದ ಲೋಟದಲ್ಲಿ ಒಂದು ಕೊಳವೆಯನ್ನು 7 ಸೆಂಟಿಮೀಟರು ಮುಳುಗಿಸಿ, ಗುಳ್ಳೆಗಳು ಏಳುವಂತೆ ಮೆಲ್ಲನೆ ಊದಿರಿ. ಸಾಧಾರಣ ಮಾತಿಗೆ ಬೇಕಾಗುವ ಒತ್ತಡ ಹೆಚ್ಚುಕಡಿಮೆ ಅಷ್ಟೇ! ಅದು ಇಮ್ಮಡಿಯಾದರೆ ದನಿಯ ಗಟ್ಟಿತನ ಸುಮಾರು 8–9 ಡೆಸಿಬೆಲ್ ಏರುವುದು. ಆಗ ತಂತುಗಳು ಹೆಚ್ಚು ಅಗಲವಾಗಿ ತೂಗಿ ಬಿಗಿಯುವುದರಿಂದ ಸ್ಥಾಯಿಯೂ ತಾನಾಗಿಯೇ ತುಸು ಏರುವುದು. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯ ಗದ್ದಲದಲ್ಲಿ ಮಾತನಾಡುವವರ ದನಿಯನ್ನು ಆಲಿಸಿದರೆ ಈ ಜೋಡಿ ಏರಿಕೆ ಕಿವಿಗೇ ತಿಳಿಯುವುದು.

ಇದಕ್ಕೆ ವಿರುದ್ಧವಾಗಿ, ಉಸಿರು ತೀರಿ ಒತ್ತಡ ಇಳಿದಾಗ ಗಟ್ಟಿತನ, ಸ್ಥಾಯಿ ಎರಡೂ ಕುಸಿಯುವುವು. ಇದು ವಾಕ್ಯದ ಕೊನೆಯಲ್ಲಿ ಆಗುವುದೇ ಹೆಚ್ಚು. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಬರುವುದೂ ಅಲ್ಲಿಯೇ. 'ಮಳೆ ಬಂದಿತು', 'ಮಳೆ ಬರಲಿಲ್ಲ' – ಇವೆರಡರ ಅಂತರವನ್ನು ಜತ್ತ ತಾಲೂಕಿನ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಪದ ನುಂಗಿಹೋದರೆ ಮಾತಿನ ಅರ್ಥವೇ ನುಂಗಿಹೋದಂತೆ.

ಆದುದರಿಂದ ವಿದ್ಯಾರ್ಥಿ ಮಿತ್ರರೇ, ಗಂಟಲನ್ನು ಬಿಗಿಯಬೇಡಿರಿ. ಹೊಟ್ಟೆ ಹಿಗ್ಗುವಂತೆ ಉಸಿರೆಳೆದು, ಬಾಯಿಯನ್ನು ಚೆನ್ನಾಗಿ ತೆರೆದು, ಅಲ್ಪವಿರಾಮವಿದ್ದಲ್ಲಿ ಮತ್ತೆ ಉಸಿರು ತುಂಬಿಕೊಂಡು, ಕ್ರಿಯಾಪದದವರೆಗೂ ಶ್ವಾಸವನ್ನು ಉಳಿಸಿಕೊಳ್ಳಿರಿ.

ಪಾಲಕರಲ್ಲಿಯೂ ಒಂದು ಬಿನ್ನಹ. ನಿತ್ಯವೂ ಕಿರುಚುವ ಮಕ್ಕಳ ಸ್ವರತಂತುಗಳ ಮೇಲೆ ಸಣ್ಣ ಗಂಟುಗಳು ಏಳಬಹುದು. ಮೂರು ವಾರ ಕಳೆದರೂ ದನಿಯ ಒಡಕು ಹೋಗದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಮಗುವಿಗೆ 'ಗಟ್ಟಿಯಾಗಿ ಓದು' ಎನ್ನುವ ಬದಲು 'ಕೊನೆಯ ಪದದವರೆಗೂ ಓದು' ಎನ್ನಿರಿ. ಹಿಂದಿನ ಸಾಲಿಗೂ ಅದು ಕೇಳಿಸುವುದು.