ಮಾರುತಿ 800ರ ಇಂಜಿನ್: ಬಿಸಿಲು, ಧೂಳು, ಸವಳು ನೀರಿನ ಪಾಠ



ಉಷ್ಣ, ಆವೀಕರಣ, ನೀರಿನ ಗಡಸುತನ, ಸಾಮರ್ಥ್ಯ – ಇವನ್ನೆಲ್ಲ ನಾವು ಬೇರೆ ಬೇರೆ ತರಗತಿಗೆ, ಬೇರೆ ಬೇರೆ ತಿಂಗಳಲ್ಲಿ ಪಾಠ ಮಾಡ್ತೀವಿ. ಇವೆಲ್ಲವೂ ಒಟ್ಟಿಗೆ ಸಿಗುವ ಒಂದು ವಸ್ತು ನಮ್ಮೂರಿನ ಗ್ಯಾರೇಜಿನಲ್ಲೇ ಇದೆ. ಅದು ಹಳೇ ಮಾರುತಿ 800ರ ಪೆಟ್ರೋಲ್ ಇಂಜಿನ್. ಬಾಡಿಗೆಗೆ ಓಡುವ, ಶಾಲಾ ಮಕ್ಕಳನ್ನು ತುಂಬಿಕೊಂಡು ಬರುವ ಹಳೇ ಓಮ್ನಿಯಲ್ಲೂ ಇದೇ ಇಂಜಿನ್ ಇದೆ. ಈ ಗಾಡಿಗಳು ಕೆಟ್ಟಾಗ ಜನ "ಇಂಜಿನ್ನೇ ಹೋಯ್ತು" ಅಂತ ಕೈಚೆಲ್ಲುತ್ತಾರೆ. ಬಹಳ ಸಲ ಮೊದಲು ಹೋಗಿರುವುದು ಇಂಜಿನ್ ಅಲ್ಲ, ಅದರ ಸುತ್ತಲಿನ ಸಣ್ಣ ಭಾಗ. ಅದನ್ನು ಆಗಲೇ ನೋಡದೆ ಇದ್ದುದಕ್ಕೆ ಆಮೇಲೆ ಇಂಜಿನ್ ಹೋಗಿರುತ್ತದೆ. ಲಕ್ಷಣದಿಂದ ಕಾರಣಕ್ಕೆ ಹೋಗುವ ಈ ದಾರಿಯನ್ನು ಮಕ್ಕಳಿಗೆ ಕಲಿಸಿದರೆ ಒಂದು ಮನೆಯ ದುಡಿಮೆಯ ಗಾಡಿ ಉಳಿಯಬಹುದು.

ಇಂಜಿನ್ನಿನ ಪರಿಚಯ

ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಜಪಾನಿನ ಸುಜುಕಿ ಕಂಪನಿಯ ಎಫ್8ಬಿ ಎಂಬ ಇಂಜಿನ್ ಇದರದ್ದು. ಸಾಲಾಗಿ ಮೂರು ಸಿಲಿಂಡರ್, ಪ್ರತಿಯೊಂದಕ್ಕೂ ಎರಡು ವಾಲ್ವ್, ತಲೆಯ ಮೇಲೆ ಒಂದು ಕ್ಯಾಮ್‌ಶಾಫ್ಟ್, ಅದನ್ನು ತಿರುಗಿಸಲು ರಬ್ಬರಿನ ಹಲ್ಲಿನ ಬೆಲ್ಟ್. ಸಿಲಿಂಡರಿನ ವ್ಯಾಸ 68.5 ಮಿ.ಮೀ., ಪಿಸ್ಟನ್ ಚಲಿಸುವ ದೂರ 72 ಮಿ.ಮೀ. ಕಾರ್ಬ್ಯುರೇಟರ್ ಮಾದರಿಯ ಗರಿಷ್ಠ ಸಾಮರ್ಥ್ಯ ಸುಮಾರು 37 ಅಶ್ವಶಕ್ತಿ, ಗರಿಷ್ಠ ಟಾರ್ಕ್ ಸುಮಾರು 59 ನ್ಯೂಟನ್ ಮೀಟರ್, ಅದೂ 2500 ಸುತ್ತಿನ ಆಸುಪಾಸಿನಲ್ಲಿ.

ಚಟುವಟಿಕೆ 1: ಸಿಲಿಂಡರಿನ ಘನಫಲದ ಸೂತ್ರ ಮಕ್ಕಳಿಗೆ ಗೊತ್ತು. ತ್ರಿಜ್ಯ 3.425 ಸೆಂ.ಮೀ., ಎತ್ತರ 7.2 ಸೆಂ.ಮೀ. ಎಂದು ಕೊಡಿ. ಒಂದು ಸಿಲಿಂಡರಿಗೆ ಸುಮಾರು 265.3 ಘನ ಸೆಂ.ಮೀ. ಬರುತ್ತದೆ. ಮೂರರಿಂದ ಗುಣಿಸಿದರೆ 796. ಕಂಪನಿ ಹೇಳುವ "796 ಸಿಸಿ" ಇದೇ! ಗಾಡಿಯ ಹೆಸರಿನ 800 ಎಲ್ಲಿಂದ ಬಂತು ಅನ್ನೋದನ್ನ ಅವರೇ ಹೇಳ್ತಾರೆ. 2500 ಸುತ್ತಿನಲ್ಲಿ 59 ನ್ಯೂಟನ್ ಮೀಟರ್ ಟಾರ್ಕ್ ಇದ್ದರೆ ಸಾಮರ್ಥ್ಯ ಎಷ್ಟು ಎಂದು ದೊಡ್ಡ ಮಕ್ಕಳಿಗೆ ಕೇಳಿ. ಸುಮಾರು 15.4 ಕಿಲೋವ್ಯಾಟ್, ಅಂದರೆ 21 ಅಶ್ವಶಕ್ತಿ. ಟಾರ್ಕ್ ಬೇರೆ, ಸಾಮರ್ಥ್ಯ ಬೇರೆ ಎಂಬುದು ಅಂಕಿಯಲ್ಲೇ ಕಾಣುತ್ತದೆ.

ಮೊದಲ ಶತ್ರು: ಸವಳು ನೀರು

ಪೆಟ್ರೋಲ್ ಉರಿದಾಗ ಬರುವ ಶಾಖದಲ್ಲಿ ಚಕ್ರ ತಿರುಗಿಸಲು ಬಳಕೆಯಾಗುವುದು ಕಾಲು ಭಾಗದ ಆಸುಪಾಸು ಮಾತ್ರ. ಉಳಿದದ್ದರಲ್ಲಿ ದೊಡ್ಡ ಪಾಲು ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದು ದೊಡ್ಡ ಪಾಲನ್ನು ನೀರು ಹೊತ್ತುಕೊಂಡು ರೇಡಿಯೇಟರಿಗೆ ತಲುಪಿಸಬೇಕು. ನಮ್ಮಲ್ಲಿ ರೇಡಿಯೇಟರಿಗೆ ಏನು ಹಾಕ್ತಾರೆ? ಕೈಗೆ ಸಿಕ್ಕ ಬೋರ್‌ವೆಲ್ ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕಾರ್ಬೊನೇಟು ಬಿಳಿ ಪದರವಾಗಿ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೆ ಕೂರುತ್ತದೆ. ತಾಮ್ರಕ್ಕೆ ಹೋಲಿಸಿದರೆ ಈ ಪದರದ ಶಾಖ ವಾಹಕತೆ ನೂರು ಪಟ್ಟಿಗೂ ಹೆಚ್ಚು ಕಡಿಮೆ. ದಾರಿಯೂ ಕಿರಿದಾಯ್ತು, ಶಾಖವೂ ದಾಟಲಿಲ್ಲ.

ಇದರ ಜೊತೆಗೆ ವಿದ್ಯುತ್ ಫ್ಯಾನಿನ ಉಷ್ಣ ಸ್ವಿಚ್ ಕೆಟ್ಟರೆ, ಅಥವಾ ರಬ್ಬರ್ ಪೈಪು ಸೀಳಿದರೆ, ಇಂಜಿನ್ ಮಿತಿ ಮೀರಿ ಕಾಯುತ್ತದೆ. ಆಗ ಪೆಟ್ಟು ಬೀಳುವುದು ಹೆಡ್‌ಗೆ. ಹೆಡ್ ಅಲ್ಯುಮಿನಿಯಂ, ಕೆಳಗಿನ ಬ್ಲಾಕ್ ಎರಕದ ಕಬ್ಬಿಣ. ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 30 ಸೆಂ.ಮೀ. ಉದ್ದದ ಎರಡು ಪಟ್ಟಿಗಳನ್ನು 80 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅಲ್ಯುಮಿನಿಯಂ ಸುಮಾರು 0.55 ಮಿ.ಮೀ., ಕಬ್ಬಿಣ ಸುಮಾರು 0.26 ಮಿ.ಮೀ. ಹಿಗ್ಗುತ್ತವೆ. ಮಾಮೂಲಿ ಬಿಸಿಗೆ ಇದನ್ನು ತಡೆದುಕೊಳ್ಳುವಂತೆಯೇ ಇಂಜಿನ್ ಮಾಡಿರುತ್ತಾರೆ. ಮಿತಿ ಮೀರಿ ಕಾದಾಗ ಮಾತ್ರ ಬೋಲ್ಟುಗಳಿಂದ ಬಿಗಿದಿಟ್ಟ ಹೆಡ್ ಸೊಟ್ಟಗಾಗುತ್ತದೆ, ನಡುವಿನ ಗ್ಯಾಸ್ಕೆಟ್ ಸುಡುತ್ತದೆ. ಕೂದಲೆಳೆಯಷ್ಟು ಸೊಟ್ಟಗಾದರೂ ಸಾಕು, ನೀರು ಸಿಲಿಂಡರಿಗೋ ಆಯಿಲಿಗೋ ಸೇರುತ್ತದೆ. ನೂರು ರೂಪಾಯಿಯ ಪೈಪು ಸಾವಿರಾರು ರೂಪಾಯಿಯ ಹೆಡ್ ಕೆಲಸ ತಂದಿಡುವುದು ಹೀಗೆ.

ಚಟುವಟಿಕೆ 2: ಬೋರ್ ನೀರು, ಎಚ್‌ಎಲ್‌ಸಿ ಕಾಲುವೆ ನೀರು, ಬ್ಯಾಟರಿಗೆ ಹಾಕುವ ನೀರು – ಮೂರನ್ನೂ ಬೇರೆ ಬೇರೆ ಸ್ಟೀಲ್ ಲೋಟದಲ್ಲಿ ಸಮ ಅಳತೆಗೆ ಹಾಕಿ ಪೂರ್ತಿ ಇಂಗುವಂತೆ ಕುದಿಸಿ. ತಳದ ಬಿಳಿ ಕಲೆ ಹೋಲಿಸಿ. ಅದರ ಮೇಲೆ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದು ಕಾರ್ಬೊನೇಟು. ರೇಡಿಯೇಟರಿಗೆ ಕೂಲಂಟ್ ಯಾಕೆ ಬೇಕು ಅನ್ನೋದಕ್ಕೆ ಮಕ್ಕಳೇ ಉತ್ತರ ಹೇಳ್ತಾರೆ. ಕೂಲಂಟಿನಲ್ಲಿರುವ ಇಥಿಲೀನ್ ಗ್ಲೈಕಾಲ್ ಕುದಿಬಿಂದುವನ್ನು ಏರಿಸುತ್ತದೆ, ಅದರಲ್ಲಿ ಸೇರಿಸಿದ ರಾಸಾಯನಿಕಗಳು ತುಕ್ಕು ತಡೆಯುತ್ತವೆ.

ಎರಡನೇ ಶತ್ರು: ಧೂಳು

ವೇದಾವತಿ ಹಗರಿಯ ದಂಡೆಯವರಿಗೆ ಮರಳು ಹೊಸದೇನಲ್ಲ. ಬೊಮ್ಮನಹಾಳು, ದರ್ಗಾ ಹೊನ್ನೂರು ಕಡೆ ಗಾಳಿಗೆ ಮರಳು ದಿಬ್ಬಗಳೇ ಸರಿದು ಹೊಲ ಮುಚ್ಚುತ್ತವೆ. ಆ ಗಾಳಿಯನ್ನೇ ಇಂಜಿನ್ನೂ ಉಸಿರಾಡಬೇಕು. ನಾಲ್ಕು ಹೊಡೆತದ ಇಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ತನ್ನ ಪೂರ್ತಿ ಗಾತ್ರದ ಗಾಳಿ ಎಳೆಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗಿ ಸಿಲಿಂಡರ್ ಪೂರ್ತಿ ತುಂಬುತ್ತದೆ ಎಂದಿಟ್ಟುಕೊಂಡರೆ ನಿಮಿಷಕ್ಕೆ ಸುಮಾರು 1194 ಲೀಟರ್, ಗಂಟೆಗೆ 70 ಸಾವಿರ ಲೀಟರಿಗೂ ಹೆಚ್ಚು. ಎಕ್ಸಲೇಟರ್ ಪೂರ್ತಿ ಒತ್ತದಿದ್ದರೆ ಇದಕ್ಕಿಂತ ಕಡಿಮೆ.

ಮರಳು ಅಂದರೆ ಸಿಲಿಕಾ. ಮೋಹ್ಸ್ ಗಡಸುತನದ ಅಳತೆಯಲ್ಲಿ ಅದಕ್ಕೆ 7. ಫಿಲ್ಟರ್ ಹರಿದಿದ್ದರೆ ಅದರ ಸಣ್ಣ ಪುಡಿ ಒಳಗೆ ಹೋಗಿ, ಆಯಿಲಿನ ಜೊತೆ ಬೆರೆತು, ಉಪ್ಪು ಕಾಗದದ ಹಾಗೆ ಸಿಲಿಂಡರನ್ನೂ ರಿಂಗುಗಳನ್ನೂ ಉಜ್ಜುತ್ತದೆ. ಆಮೇಲೆ ನೀಲಿ ಹೊಗೆ, ಆಯಿಲ್ ಖರ್ಚು, ಕೊನೆಗೆ ರೀಬೋರ್. ಫಿಲ್ಟರ್ ಹರಿಯದೆ ಬರೀ ಕಟ್ಟಿಕೊಂಡಿದ್ದರೆ ಕಥೆ ಬೇರೆ: ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು, ಕಪ್ಪು ಹೊಗೆ, ಮೈಲೇಜ್ ಇಳಿತ.

ಮೂರನೇ ಶತ್ರು: ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ಮಾಮೂಲು. ಕಾರ್ಬ್ಯುರೇಟರ್ ಮಾದರಿಯಲ್ಲಿ ಪೆಟ್ರೋಲ್ ಎಳೆಯುವ ಸಣ್ಣ ಪಂಪು ಇಂಜಿನ್ನಿಗೇ ಅಂಟಿಕೊಂಡಿದೆ. ಪೆಟ್ರೋಲ್ ಅನೇಕ ದ್ರವಗಳ ಮಿಶ್ರಣ, ಅದರ ಹಗುರ ಭಾಗಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಪೈಪಿನಲ್ಲಿ ಆವಿಯ ಗುಳ್ಳೆ ಕೂತರೆ ಪಂಪು ಆವಿಯನ್ನು ಹಿಂಡುತ್ತದೆ ಹೊರತು ಪೆಟ್ರೋಲನ್ನು ತಳ್ಳುವುದಿಲ್ಲ. ಗಾಡಿ ನಡುದಾರಿಯಲ್ಲಿ ನಿಂತು, ಅರ್ಧ ಗಂಟೆ ಬಿಟ್ಟು ತಾನೇ ಸ್ಟಾರ್ಟ್ ಆಗುತ್ತದೆ. ಡ್ರೈವರುಗಳು ಇದಕ್ಕೆ "ಏರ್ ಹಿಡಿದಿದೆ" ಅಂತಾರೆ. ಅವರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ಮೂಢನಂಬಿಕೆಯಲ್ಲ. ನೀರು ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಪಂಪಿನಿಂದ ಎಳೆದುಕೊಳ್ಳುತ್ತದೆ. ಮಡಕೆ ನೀರು ತಣ್ಣಗಾಗುವುದೂ ಇದೇ ತತ್ವದಿಂದ.

ಲಕ್ಷಣದಿಂದ ಕಾರಣಕ್ಕೆ

ಇದನ್ನು ಕಪ್ಪು ಹಲಗೆಯ ಮೇಲೆ ಬರೆಸಿ:

• ಕಪ್ಪು ಹೊಗೆ – ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಫಿಲ್ಟರ್, ಚೋಕ್, ಕಾರ್ಬ್ಯುರೇಟರ್ ನೋಡಿ.
• ನೀಲಿ ಹೊಗೆ – ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ವಾಲ್ವಿನ ರಬ್ಬರ್ ಸೀಲ್ ಮೇಲೆ ಅನುಮಾನ. ಸದಾ ಬಂದರೆ ರಿಂಗುಗಳ ಮೇಲೆ.
• ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಇಳಿಯುವ ರೇಡಿಯೇಟರ್ ನೀರು, ಮಜ್ಜಿಗೆ ಬಣ್ಣದ ಆಯಿಲ್ – ಹೆಡ್ ಗ್ಯಾಸ್ಕೆಟ್.
• ಮೂರರಲ್ಲಿ ಒಂದು ಸಿಲಿಂಡರ್ ಬಿಟ್ಟು ಕುಲುಕಾಟ – ಮೊದಲು ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್.
• ಓಡುತ್ತಿದ್ದದ್ದು ಥಟ್ಟನೆ ನಿಂತು, ಸೆಲ್ಫ್ ಹೊಡೆದರೆ ಇಂಜಿನ್ ಹಗುರವಾಗಿ ತಿರುಗುತ್ತದೆ – ಟೈಮಿಂಗ್ ಬೆಲ್ಟ್ ಹರಿದಿರಬಹುದು.

ಒಂದು ಎಚ್ಚರಿಕೆ

ಮಕ್ಕಳನ್ನು ಗ್ಯಾರೇಜಿಗೆ ಕರೆದೊಯ್ಯುವುದಾದರೆ ತಣ್ಣಗಿರುವ ಇಂಜಿನ್ ಮಾತ್ರ ತೋರಿಸಿ. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ ನೀರು ಸುಮಾರು 118 ಡಿಗ್ರಿವರೆಗೆ ಕುದಿಯದೆ ಇರಬಲ್ಲದು. ಬಿಸಿಯಲ್ಲಿ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕುಕ್ಕರಿನ ಉದಾಹರಣೆ ಕೊಟ್ಟರೆ ಮಕ್ಕಳು ಮರೆಯುವುದಿಲ್ಲ. ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ತಪ್ಪು, ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಮಾಡಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮನೆಗೆಲಸವಾಗಿ ಪ್ರತಿ ಮಗುವೂ ಮನೆಯವರದ್ದೋ ಪಕ್ಕದವರದ್ದೋ ಗಾಡಿಯ ಬಗ್ಗೆ ಮೂರು ಪ್ರಶ್ನೆ ಕೇಳಿಕೊಂಡು ಬರಲಿ: ರೇಡಿಯೇಟರಿಗೆ ಯಾವ ನೀರು ಹಾಕ್ತೀರಿ? ಏರ್ ಫಿಲ್ಟರ್ ಯಾವಾಗ ಬದಲಿಸಿದಿರಿ? ಟೆಂಪರೇಚರ್ ಮುಳ್ಳು ಮೇಲೇರಿದರೆ ಏನು ಮಾಡ್ತೀರಿ? ಮೂರನೆಯದಕ್ಕೆ ಸರಿ ಉತ್ತರ ಒಂದೇ: ಆ ಕ್ಷಣವೇ ಗಾಡಿಯನ್ನು ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಆರುವವರೆಗೆ ಕಾಯುವುದು. "ಊರು ಇನ್ನೇನು ಬಂತು, ಓಡಿಸಿಬಿಡೋಣ" ಎಂದು ಓಡಿಸಿದ ಆ ಎರಡು ಕಿಲೋಮೀಟರಿನಲ್ಲೇ ಹೆಡ್ ಸೊಟ್ಟಗಾಗುವುದು.