ಬಿಸಿಲ ನಾಡಿಗೊಂದು ಕ್ರೋಶಾ ಸ್ಕಾರ್ಫ್: ಮೊದಲ ಸಲ ಹೆಣೆಯುವವರಿಗೆ ಸೂತ್ರಗಳು

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಸೀರೆ ಸೆರಗಿಗೆ ಕುಚ್ಚು ಕಟ್ಟುವ ಕೈಗಳಿಗೆ ಬರವಿಲ್ಲ. ಆ ಕೈಗಳಿಗೆ ಸ್ಕಾರ್ಫ್ ದೊಡ್ಡ ಕೆಲಸವೇನಲ್ಲ. ಕಡ್ಡಿಯನ್ನೇ ಹಿಡಿಯದವರೂ ಇಲ್ಲಿಂದ ಶುರು ಮಾಡಬಹುದು. ಬೇಕಾದದ್ದು ಒಂದು ಕಡ್ಡಿ, ಒಂದು ಉಂಡೆ ದಾರ ಮತ್ತು ತಪ್ಪದ ಎಣಿಕೆ.

1. ಊರಿನ ಹವೆ ನೋಡಿ ದಾರ ಆರಿಸಿ. ಕಲಿಕೆಯ ಪುಸ್ತಕ, ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ಉಲ್ಲನ್ ದಾರ. ನಮ್ಮಲ್ಲಿ ಚಳಿ ಅಂದರೆ ಡಿಸೆಂಬರ್, ಜನವರಿಯ ಬೆಳಗು ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆದ್ದರಿಂದ ಮೊದಲ ಸ್ಕಾರ್ಫ್ ಹತ್ತಿ ದಾರದ್ದೇ ಆಗಲಿ. ಬೆವರು ಹೀರುತ್ತದೆ, ಬೈಕಿನ ಮೇಲೆ ಹೋಗುವಾಗ ಕತ್ತು, ಕಿವಿಗೆ ನೆರಳಾಗುತ್ತದೆ, ವರ್ಷವಿಡೀ ಬಳಕೆಗೆ ಬರುತ್ತದೆ. ಹತ್ತಿ ಬೆಳೆಯುವ ರಾಯಚೂರು ಜಿಲ್ಲೆಯವರಿಗೆ ಹತ್ತಿಯ ಗುಣ ಹೇಳಿಕೊಡಬೇಕಾಗಿಲ್ಲ.

2. ಕುಚ್ಚಿನ ಕಡ್ಡಿ ಪಕ್ಕಕ್ಕಿಡಿ. ರೇಷ್ಮೆ ದಾರಕ್ಕೆ ಬಳಸುವ ಸಣ್ಣ ಉಕ್ಕಿನ ಕಡ್ಡಿಯಲ್ಲಿ ಸ್ಕಾರ್ಫ್ ಹೆಣೆಯಲು ಹೋದರೆ ತಿಂಗಳಾದರೂ ಮುಗಿಯದು. ಮಧ್ಯಮ ದಪ್ಪದ ಹತ್ತಿ ದಾರಕ್ಕೆ 4 ಮಿ.ಮೀ. ಕಡ್ಡಿ ಸರಿ. ತಿಳಿ ಬಣ್ಣವಿರಲಿ: ಕಪ್ಪು, ಕಡುನೀಲಿ ದಾರದಲ್ಲಿ ಹೊಸಬರಿಗೆ ಕುಣಿಕೆಯೇ ಕಾಣುವುದಿಲ್ಲ. ತಿಳಿ ಹಳದಿ, ಆಕಾಶ ನೀಲಿ ಒಳ್ಳೆಯವು.

3. ದಾರ ಒಂದೇ ಸಲ ಕೊಳ್ಳಿ. 20 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದಕ್ಕೆ ಸುಮಾರು 250ರಿಂದ 300 ಗ್ರಾಂ ಬೇಕು. ಉಂಡೆಯ ಮೇಲಿನ ಚೀಟಿಯಲ್ಲಿ ಬಣ್ಣದ ಸಂಖ್ಯೆಯ ಜೊತೆ ಲಾಟ್ ಸಂಖ್ಯೆಯೂ ಇರುತ್ತದೆ. ಎಲ್ಲ ಉಂಡೆಗಳಲ್ಲೂ ಎರಡೂ ಒಂದೇ ಇವೆಯೇ ನೋಡಿ. ಆಮೇಲೆ ತಂದ ದಾರದ ಲಾಟ್ ಬೇರೆಯಾದರೆ, ಅದೇ ಬಣ್ಣದ್ದಾದರೂ ಬಿಸಿಲಲ್ಲಿ ಬೇರೆಯಾಗಿ ಎದ್ದು ಕಾಣಬಹುದು.

4. ಮೊದಲು ಅಂಗೈಯಗಲದ ಒಂದು ತುಂಡು ಹೆಣೆದು, ತೊಳೆದು, ಒಣಗಿಸಿ. ಬಣ್ಣ ಬಿಡುತ್ತದೆಯೇ, ಕುಗ್ಗುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. 10 ಸೆಂ.ಮೀ.ಯಲ್ಲಿ ಸುಮಾರು 16 ಕಂಬ (6ನೇ ಸೂತ್ರದಲ್ಲಿರುವ ಹೆಣಿಗೆ) ಬಂದರೆ ಕೈ ಹದವಾಗಿದೆ. ಹೆಚ್ಚು ಬಂದರೆ ಕೈ ಬಿಗಿ, ದೊಡ್ಡ ಕಡ್ಡಿ ಹಿಡಿಯಿರಿ.

5. ಚೈನ್ ಸಡಿಲವಾಗಿರಲಿ. ಜಾರುಗಂಟು ಹಾಕಿ 34 ಚೈನ್ ಮಾಡಿ; ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ದಾರ ಒಮ್ಮೆ ಎಳೆದರೆ ಒಂದು ಚೈನ್. ಹೊಸಬರು ಇಲ್ಲೇ ಬಿಗಿಹಿಡಿಯುತ್ತಾರೆ, ಸ್ಕಾರ್ಫಿನ ಬುಡ ಸುಕ್ಕುಗಟ್ಟುತ್ತದೆ. ಚೈನನ್ನು ಮಾತ್ರ 4.5 ಮಿ.ಮೀ. ಕಡ್ಡಿಯಲ್ಲಿ ಹಾಕಿ, ಮುಂದಿನ ಸಾಲಿಗೆ 4ಕ್ಕೆ ಬದಲಿಸಿದರೆ ಈ ತೊಂದರೆ ಇಲ್ಲ.

6. ಒಂದೇ ಒಂದು ಹೆಣಿಗೆ ಕಲಿಯಿರಿ: ಕಂಬ. ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿ, ಕಡ್ಡಿಯಿಂದ ನಾಲ್ಕನೆಯ ಚೈನಿಗೆ ತೂರಿಸಿ, ದಾರ ಎಳೆದುಕೊಳ್ಳಿ. ಕಡ್ಡಿಯ ಮೇಲೆ ಮೂರು ಕುಣಿಕೆ ನಿಲ್ಲುತ್ತವೆ. ಮತ್ತೆ ದಾರ ಸುತ್ತಿ ಎರಡರೊಳಗಿಂದ ಎಳೆಯಿರಿ, ಇನ್ನೊಮ್ಮೆ ಸುತ್ತಿ ಉಳಿದೆರಡರೊಳಗಿಂದ ಎಳೆಯಿರಿ. ಒಂದು ಕಂಬ ಆಯಿತು. ಮುಂದಿನ ಪ್ರತಿ ಚೈನಿಗೂ ಹೀಗೇ ಒಂದೊಂದು ಹಾಕಿ. ಮೊದಲು ಬಿಟ್ಟ ಮೂರು ಚೈನನ್ನು ಒಂದು ಕಂಬವೆಂದು ಎಣಿಸಿದರೆ ಸಾಲಿಗೆ 32 ಕಂಬ. ವಿಡಿಯೊ ನೋಡಿ ಕಲಿಯುವವರು ಒಂದು ವಿಷಯ ನೆನಪಿಡಿ: ಅಮೆರಿಕದವರು ಡಬಲ್ ಕ್ರೋಶೆ ಎನ್ನುವುದನ್ನೇ ಬ್ರಿಟನ್ನಿನವರು ಟ್ರೆಬಲ್ ಎನ್ನುತ್ತಾರೆ. ಯಾವ ಪದ್ಧತಿಯ ಪಾಠ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಅಳತೆಯೇ ತಪ್ಪುತ್ತದೆ.

7. ಪ್ರತಿ ಸಾಲನ್ನೂ ಎಣಿಸಿ. ಬೇರೆಲ್ಲ ಸೂತ್ರ ಮರೆತರೂ ಇದನ್ನು ಮರೆಯಬೇಡಿ. ಸ್ಕಾರ್ಫ್ ಮೇಲೆ ಹೋದಂತೆ ಸಪೂರವಾಗಿ ಬಾವುಟದ ಮೂಲೆಯಂತಾಗುವುದಕ್ಕೆ ಕಾರಣ ಸಾಲಿನ ಕೊನೆಯ ಕಂಬ ಕೈತಪ್ಪುವುದು. ಸಾಲು ಮುಗಿದಾಗ ಹೆಣಿಗೆ ತಿರುಗಿಸಿ 3 ಚೈನ್ ಹಾಕುತ್ತೀರಲ್ಲ, ಅದೇ ಹೊಸ ಸಾಲಿನ ಮೊದಲ ಕಂಬ. ಹಾಗಾಗಿ ಅದರ ಬುಡದಲ್ಲೇ ಇನ್ನೊಂದು ಹಾಕಬಾರದು, ಎರಡನೆಯದರಿಂದ ಶುರು. ಸಾಲಿನ ಕೊನೆಯಲ್ಲಿ, ಹಿಂದಿನ ಸಾಲಿನ ಆ 3 ಚೈನಿನ ತಲೆಯ ಮೇಲೂ ಒಂದು ಕಂಬ ಬೀಳಲೇಬೇಕು. ಅದು ಓರೆಯಾಗಿ ಅಡಗಿ ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಬೇರೆ ಬಣ್ಣದ ಒಂದು ತುಂಡು ದಾರ ಸಿಕ್ಕಿಸಿಟ್ಟರೆ ತಪ್ಪುವುದಿಲ್ಲ. 32 ಬಂದರೆ ಮುಂದೆ ಹೋಗಿ. 31 ಬಂದರೆ ಆಗಲೇ ಬಿಚ್ಚಿ. ಹತ್ತು ಸಾಲಾದ ಮೇಲೆ ಬಿಚ್ಚುವಾಗ ಮನಸ್ಸೇ ಮುರಿಯುತ್ತದೆ, ಎಷ್ಟೋ ಜನ ಕ್ರೋಶಾ ಕೈಬಿಡುವುದು ಆ ಗಳಿಗೆಯಲ್ಲೇ.

8. ಚೀಲದಲ್ಲಿಟ್ಟುಕೊಂಡು ತಿರುಗಿ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಕಡ್ಡಿ ಜಾರಿದರೆ ಸಾಲೆಲ್ಲ ಬಿಚ್ಚುವ ಭಯ. ಇಲ್ಲಿ ಕಾಯಬೇಕಾದದ್ದು ಒಂದೇ ಕುಣಿಕೆ. ಅದಕ್ಕೊಂದು ಪಿನ್ನು ಸಿಕ್ಕಿಸಿದರೆ ಸಾಕು. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಕೂತೂ ಒಂದೆರಡು ಸಾಲು ಹಾಕಬಹುದು. ಬೇಸಿಗೆಯಲ್ಲಿ ಮಾತ್ರ ಬೆಳಗ್ಗೆಯೇ ಹೆಣೆಯಿರಿ. ಬೆವರುಗೈಯಲ್ಲಿ ದಾರ ಓಡುವುದಿಲ್ಲ, ಬಣ್ಣವೂ ಮಾಸುತ್ತದೆ.

9. ಸಾಲಿನ ಅಂಚಿನಲ್ಲೇ ಹೊಸ ಉಂಡೆ ಸೇರಿಸಿ, ನಡುವೆ ಬೇಡ. 15 ಸೆಂ.ಮೀ. ತುದಿ ಬಿಟ್ಟು, ಮೊಂಡು ಸೂಜಿಯಿಂದ ಹೆಣಿಗೆಯೊಳಗೆ ಹಿಂದೆ ಮುಂದೆ ಹೊಲಿದು ಮುಚ್ಚಿ. ಬರೀ ಗಂಟು ಹಾಕಿ ಕತ್ತರಿಸಿದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಬಿಚ್ಚುತ್ತದೆ.

10. ಗೊಂಡೆ ಇರಲಿ. 30 ಸೆಂ.ಮೀ. ಉದ್ದದ ಎಳೆಗಳನ್ನು ಮಡಚಿ, ಅಂಚಿನ ಕಂಬಗಳಲ್ಲಿ ಕಡ್ಡಿಯಿಂದ ಎಳೆದು ಬಿಗಿಯಿರಿ. ಹತ್ತಿರದ ಇಳಕಲ್ ಸೀರೆಯ ಕೆಂಪು, ಬಿಳಿ ಸೆರಗಿನ ಬಣ್ಣಗಳನ್ನೇ ಗೊಂಡೆಗೆ ತೆಗೆದುಕೊಂಡರೆ ಸ್ಕಾರ್ಫ್ ನಮ್ಮೂರಿನದೇ ಆಗುತ್ತದೆ. ಲಂಬಾಣಿ ತಾಂಡಾದವರಾದರೆ ಕನ್ನಡಿ ಚೂರು, ಕವಡೆಯ ರುಚಿ ನಿಮಗೆ ಹುಟ್ಟಿನಿಂದಲೇ ಬಂದಿದೆ, ಅಂಚಿಗೆ ಸೇರಿಸಿ ನೋಡಿ.

11. ಮಾರುವುದಾದರೆ ಕೂಲಿ ಲೆಕ್ಕ ಹಾಕಿ. ಈ ಅಳತೆಯ ಸ್ಕಾರ್ಫಿಗೆ ಸುಮಾರು 125 ಸಾಲು, ಅಂದರೆ 4000 ಕಂಬ. ಕೈ ಪಳಗಿದವರಿಗೂ ಹತ್ತು ಗಂಟೆಯ ಕೆಲಸ. ದಾರದ ಬೆಲೆಗೆ ನೂರು ರೂಪಾಯಿ ಸೇರಿಸಿ ಕೊಟ್ಟುಬಿಟ್ಟರೆ ಗಂಟೆಗೆ ಹತ್ತು ರೂಪಾಯಿ ಬಿತ್ತು. ಹೆಣೆದವರ ಕೂಲಿ ಲೆಕ್ಕಕ್ಕೆ ಸಿಗದ ಕಥೆ ಹೊಸದಲ್ಲ. ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಇವತ್ತಿಗೂ ನಡೆದಿದೆ; 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಸುತ್ತ ಕ್ಯಾಂಪು ಕಟ್ಟಿಕೊಂಡ ಹಲವು ಕುಟುಂಬಗಳ ಮೂಲ ಅದೇ ಕರಾವಳಿ ಆಂಧ್ರ. ಆ ನರಸಾಪುರದ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1982ರಲ್ಲಿ ಒಂದು ಪುಸ್ತಕ ಬರೆದರು. ಲೇಸು ಹೊರದೇಶಗಳಿಗೆ ಹೋಗುತ್ತಿತ್ತು, ಲಾಭ ವ್ಯಾಪಾರಿಗಳಿಗೆ. ಹೆಣೆದವರ ದುಡಿಮೆ ಮಾತ್ರ ಮನೆಯಲ್ಲಿ ಕೂತು ಕಳೆದ ಬಿಡುವಿನ ಹೊತ್ತು ಎಂದು ಎಣಿಕೆಗೇ ಬರಲಿಲ್ಲ. ಕುಚ್ಚು ಕಟ್ಟುವ ನಮ್ಮ ಅಕ್ಕತಂಗಿಯರ ಪಾಡೂ ಬಹಳ ಬೇರೆಯಾಗಿಲ್ಲ. ಆದ್ದರಿಂದ ಮೊದಲ ಸ್ಕಾರ್ಫ್ ಹೆಣೆಯುವಾಗಲೇ ಪ್ರತಿ ದಿನ ಎಷ್ಟು ಹೊತ್ತು ಕೂತಿರೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡನೆಯದನ್ನು ಯಾರಾದರೂ ಕೇಳಿದರೆ, ದಾರದ ದುಡ್ಡಿನ ಜೊತೆ ಆ ಗಂಟೆಗಳ ಕೂಲಿಯನ್ನೂ ಸೇರಿಸಿಯೇ ಬೆಲೆ ಹೇಳಿ.